ಕೆರೆ ತುಂಬಿತೆಂದು ಸಾಕ್ಷಿ ನುಡಿಯುವವರಾರು?

ಹೊಳೆ ಮಗ್ಗುಲಲ್ಲಿ ಹರಿದರೂ ಹೊಲಕ್ಕೆ ನೀರಿಲ್ಲವೆಂಬುದು ವಿಜಯನಗರ ಜಿಲ್ಲೆಯ ಐದು ತಾಲೂಕುಗಳ ಹಳೆಯ ಸಂಕಟ. ತುಂಗಭದ್ರೆಯು ಹರಪನಹಳ್ಳಿ ಮತ್ತು ಹಡಗಲಿ ತಾಲೂಕುಗಳ ಅಂಚನ್ನು ತಾಕಿಕೊಂಡು ಸಾಗುತ್ತದೆ. 1953ರಲ್ಲಿ ನೀರು ನಿಂತ ಅಣೆಕಟ್ಟಿನ ಹಿನ್ನೀರು ಹಗರಿಬೊಮ್ಮನಹಳ್ಳಿ ಸೀಮೆಯ ನೆಲವನ್ನು ನುಂಗಿತು. ಆದರೆ ಕಾಲುವೆಯ ನೀರು ಇಳಿದು ಹೋದದ್ದು ಬಹುಪಾಲು ತಗ್ಗಿನ ನಾಡಿಗೆ, ಸಿರುಗುಪ್ಪ ರಾಯಚೂರುಗಳ ಕಡೆಗೆ. ಎತ್ತರದಲ್ಲಿ ಉಳಿದ ಕೂಡ್ಲಿಗಿ ಕೊಟ್ಟೂರುಗಳ ಒಕ್ಕಲಿಗನು ಇಂದಿಗೂ ಮೊದಲು ಮುಗಿಲನ್ನು ನೋಡುತ್ತಾನೆ. ಆಮೇಲೆ ಕೆರೆಯನ್ನು ನೋಡುತ್ತಾನೆ. 1876ರಿಂದ 1878ರವರೆಗಿನ ಮಹಾಕ್ಷಾಮವು ಬಳ್ಳಾರಿ ಸೀಮೆಯನ್ನು ಹಿಂಡಿದ ಪರಿಯನ್ನು ಬಲ್ಲವರಿಗೆ, ಇಲ್ಲಿ ಕೆರೆಯೊಂದು ತುಂಬುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಆದುದರಿಂದಲೇ ಈ ಭಾಗದಲ್ಲಿ ಕೆರೆಗೆ ಹಣ ಹಾಕುವುದು ಪುಣ್ಯಕಾರ್ಯವೂ ಹೌದು, ರಾಜಕಾರ್ಯವೂ ಹೌದು. ಕೂಡ್ಲಿಗಿ ಭಾಗದ 74 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಮೇಲಕ್ಕೆತ್ತಿ ತುಂಬಿಸುವ ಯೋಜನೆಯನ್ನು ಸರ್ಕಾರ ಕೈಗೊಂಡಿತು. ಇಂತಹ ಯೋಜನೆಗಳಲ್ಲಿ ಎಷ್ಟು ಹಣ ವೆಚ್ಚವಾಯಿತೆಂಬುದಕ್ಕೆ ಬಿಲ್ಲುಗಳುಂಟು. ಎಷ್ಟು ದೂರ ಕೊಳವೆ ಹಾಸಿದರೆಂಬುದಕ್ಕೆ ಅಳತೆ ಪುಸ್ತಕವುಂಟು. ಆದರೆ ಆ ಕೆರೆಯಿಂದ ಊರಿಗೆ ಆದುದೇನು? ಬಾವಿಯ ಸೆಲೆ ಮರಳಿತೆ? ಅಚ್ಚುಕಟ್ಟಿನ ಕಟ್ಟಕಡೆಯ ಹೊಲಕ್ಕೆ ನೀರು ಮುಟ್ಟಿತೆ? ಚೈತ್ರದ ಬಿಸಿಲಿನಲ್ಲಿ ದನಕರು ನೀರಿಗಾಗಿ ಅಲೆಯುವುದು ತಪ್ಪಿತೆ? ಇವಕ್ಕೆ ಉತ್ತರ ಕೊಡುವ ಪುಸ್ತಕ ಯಾವುದು? ಅದರಲ್ಲಿ ಬರೆಯಬೇಕಾದವರು ಯಾರು?

ಈ ಪ್ರಶ್ನೆ ಹಳೆಯದು. ಇದಕ್ಕೆ ಈಚಿನ ಹತ್ತಾರು ವರ್ಷಗಳಲ್ಲಿ ಜಗತ್ತಿನ ಗಣಕಯಂತ್ರ ಪಂಡಿತರು ಹೊಸದೊಂದು ಉತ್ತರವನ್ನು ಮುಂದಿಟ್ಟಿದ್ದಾರೆ. ಅದರ ಹೆಸರು ಬ್ಲಾಕ್‌ಚೈನ್. ಕಂಡವರು ಕೊಟ್ಟ ಸಾಕ್ಷ್ಯವನ್ನು ಯಾರೂ ಅಳಿಸಲಾಗದ ಲೆಕ್ಕದಲ್ಲಿ ಬರೆದಿಟ್ಟು, ಆ ಸಾಕ್ಷ್ಯದ ತೂಕದ ಮೇಲೆ ಲೋಕೋಪಯೋಗಿ ಕೆಲಸಗಳಿಗೆ ಹಣ ಹಂಚಬೇಕೆಂಬುದು ಅವರ ವಾದ. ಈ ವಾದವು ಎಷ್ಟು ದೂರ ನಿಲ್ಲುತ್ತದೆಂಬುದನ್ನು ಪರೀಕ್ಷಿಸಲು ನೀರಿನ ಬೆಲೆಯನ್ನು ಬಲ್ಲ ಈ ಸೀಮೆಗಿಂತ ತಕ್ಕ ಒರೆಗಲ್ಲು ದೊರೆಯಲಾರದು. ಏಕೆಂದರೆ ಇಂತಹುದೇ ಒಂದು ವ್ಯವಸ್ಥೆಯನ್ನು ಈ ನಾಡು ಹಿಂದೆಯೇ ಕಂಡಿತ್ತು.

ಮೊದಲು ಕೆರೆ, ಅನಂತರ ಕೊಡುಗೆ

ಕನ್ನಡ ಶಾಸನಗಳನ್ನು ಓದಿದವರಿಗೆ ‘ಕಟ್ಟುಗೊಡಗೆ’, ‘ಕೆರೆಗೊಡಗೆ’, ‘ದಶವಂದ’ ಎಂಬ ಮಾತುಗಳು ಪರಿಚಿತವಾಗಿವೆ. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಪಡಿಸಿದವನಿಗೆ, ಆ ಕೆರೆಯ ಕೆಳಗಿನ ಭೂಮಿಯಲ್ಲಿ ಒಂದು ಪಾಲನ್ನು ಕಂದಾಯವಿಲ್ಲದೆಯೋ ಕಡಿಮೆ ಕಂದಾಯಕ್ಕೋ ಬಿಟ್ಟುಕೊಡುತ್ತಿದ್ದರು. ಹತ್ತರಲ್ಲಿ ಒಂದು ಪಾಲೆಂಬ ಅರ್ಥದಿಂದ ಬಂದುದು ದಶವಂದ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಿಕೊಟ್ಟ ಮೇಲೆ, ‘ದತ್ತ ಮಂಡಲ’ದ ಕಂದಾಯ ದಾಖಲೆಗಳಲ್ಲಿ ಇದೇ ಪದ್ಧತಿಯು ‘ದಶಬಂದ ಇನಾಮು’ ಎಂಬ ಹೆಸರಿನಿಂದ ಮುಂದುವರಿಯಿತು. ಅದರಲ್ಲಿ ಎರಡು ಬಗೆಗಳಿದ್ದುವು. ಗೊತ್ತಾದ ತುಂಡು ಭೂಮಿಯನ್ನೇ ಬಿಟ್ಟುಕೊಟ್ಟರೆ ಅದು ಖಂಡ ದಶಬಂದ. ಕೆರೆಯ ಕೆಳಗಿನ ಒಟ್ಟು ಕಂದಾಯದಲ್ಲಿ ಒಂದು ಭಾಗವನ್ನು ಬಿಟ್ಟರೆ ಅದು ಶಾಮಿಲಾತ್ ದಶಬಂದ.

ಈ ಇನಾಮಿನಲ್ಲಿ ಗಮನಿಸಬೇಕಾದ ಸೂಕ್ಷ್ಮಗಳು ಎರಡು. ಮೊದಲನೆಯದು, ಕೆರೆ ಕಟ್ಟುವೆನೆಂದವನಿಗಲ್ಲ, ಕಟ್ಟಿದವನಿಗೆ ಇನಾಮು. ಕೆಲಸ ಮೊದಲು, ಪ್ರಯೋಜನ ಕಾಣುವುದು ಆಮೇಲೆ, ಕೊಡುಗೆ ಕಟ್ಟಕಡೆಗೆ. ಎರಡನೆಯದು, ಕೊಡುಗೆಗೆ ಕಟ್ಟುಪಾಡಿತ್ತು. ಇನಾಮುದಾರನು ಕೆರೆಯನ್ನು ಸುಸ್ಥಿತಿಯಲ್ಲಿ ಇಟ್ಟಿರುವವರೆಗೆ ಮಾತ್ರ ಇನಾಮು ಅವನದು. ಏರಿ ಒಡೆದು ತೂಬು ಹೂತುಹೋದರೂ ಸುಮ್ಮನಿದ್ದನೆಂದರೆ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಬಹುದಾಗಿತ್ತು. ಶಾಮಿಲಾತ್ ದಶಬಂದದಲ್ಲಂತೂ ಇನಾಮುದಾರನ ಲಾಭವು ಕೆರೆಯ ಫಲದೊಡನೆಯೇ ಹೆಣೆದುಕೊಂಡಿತ್ತು. ಕೆರೆ ಬತ್ತಿದರೆ ಕಂದಾಯವಿಲ್ಲ, ಕಂದಾಯವಿಲ್ಲದಿದ್ದರೆ ಅವನ ಪಾಲೂ ಇಲ್ಲ. ಕೆರೆಯ ಸ್ಥಿತಿಯನ್ನು ವರ್ಷವರ್ಷವೂ ನೋಡುವವರು ಯಾರು? ಅದರ ಕೆಳಗೆ ಉಳುವ ಒಕ್ಕಲುಗಳು, ನೀರುಗಂಟಿ, ಊರಿನ ಗೌಡ, ಶಾನುಭೋಗ. ಇವರ ಕಣ್ಣೇ ಆ ಲೆಕ್ಕದ ಮೊದಲ ಪುಟವಾಗಿತ್ತು.

ಸಾಕ್ಷಿಗೆ ಸ್ಥಿರತೆ ಕೊಡುವ ಬಗೆಯನ್ನೂ ಈ ಸೀಮೆ ಬಲ್ಲುದು. ಹಡಗಲಿ ತಾಲೂಕಿನ ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟವು ಸುಮಾರು ನಾಲ್ಕನೆಯ ಶತಮಾನಕ್ಕೆ ಸೇರಿದುದು. ಹಿಂದೆ ಆಗಿದ್ದ ದಾನವೊಂದನ್ನು ಅದು ಮರಳಿ ಸ್ಥಿರಪಡಿಸುತ್ತದೆ. ಅದರ ಒಕ್ಕಣೆ ರಾಜಕುಮಾರರು, ಸೇನಾಪತಿಗಳು ಮೊದಲಾದವರಿಂದ ಹಿಡಿದು ಗೋವಳರವರೆಗೆ ಎಲ್ಲರನ್ನೂ ಕುರಿತಿರುವುದು ವಿಶೇಷ. ದಾನದ ಸುದ್ದಿಯನ್ನು ಎಲ್ಲರಿಗೂ ತಿಳಿಯಪಡಿಸಿದರೆ ನಾಳೆ ಅದನ್ನು ಅಲ್ಲಗಳೆಯುವುದು ಕಷ್ಟವೆಂಬ ವಿವೇಕ ಅದರಲ್ಲಿದೆ. ಹರಪನಹಳ್ಳಿ ತಾಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯದ ಊರಿನಲ್ಲಿ ಚಾಲುಕ್ಯರ ಕಾಲದ ಮೂವತ್ತಕ್ಕೂ ಮಿಗಿಲಾದ ಶಾಸನಗಳು ದೊರೆತಿವೆ. ಕನ್ನಡ ನಾಡಿನ ದಾನಶಾಸನಗಳ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕಂಡರಿಸುವುದು, ಕೊನೆಯಲ್ಲಿ ಅಳಿಪಿದವನಿಗೆ ಶಾಪ ಹಾಕುವುದು ಎಲ್ಲರೂ ಬಲ್ಲ ಕ್ರಮ. ಕಲ್ಲು ಊರ ನಡುವೆ ನಿಂತಿರುತ್ತಿತ್ತು. ಓದಲು ಬಾರದವನಿಗೂ ಅದು ಯಾವುದರ ಕಲ್ಲೆಂಬುದು ಗೊತ್ತಿತ್ತು.

ಸರಪಳಿಯ ಲೆಕ್ಕ

ಇನ್ನು ಹೊಸ ವಿದ್ಯೆಯ ಕಡೆಗೆ ತಿರುಗಬಹುದು. ಬ್ಲಾಕ್‌ಚೈನ್ ಎಂಬ ಹೆಸರು ಕೇಳಿ ಬೆದರುವ ಕಾರಣವಿಲ್ಲ. ಅದರ ಮರ್ಮ ಸರಳವಾದುದು. ಶಾನುಭೋಗನ ಖಿರ್ದಿ ಪುಸ್ತಕವನ್ನು ಓದುಗರು ನೆನಪಿಗೆ ತಂದುಕೊಳ್ಳಲಿ. ಪುಸ್ತಕ ಒಂದೇ, ಅದು ಒಬ್ಬನ ಕೈಯಲ್ಲಿ. ಅವನು ರಾತ್ರಿ ಕುಳಿತು ಒಂದು ಹಾಳೆಯನ್ನು ಕಿತ್ತು ಬೇರೊಂದನ್ನು ಅಂಟಿಸಿದರೆ ಹಗಲು ಅದನ್ನು ಕಂಡುಹಿಡಿಯುವುದು ಸುಲಭವಲ್ಲ. ಈಗ ಎರಡು ಕಟ್ಟುಪಾಡುಗಳನ್ನು ಹಾಕೋಣ. ಮೊದಲನೆಯದಾಗಿ, ಪ್ರತಿ ಪುಟದ ಬರಹವನ್ನೆಲ್ಲ ಗಣಿತದ ಒಂದು ಸೂತ್ರದಿಂದ ಹಿಂಡಿ ಒಂದು ಅಂಕಿಯ ಮುದ್ರೆಯನ್ನು ತೆಗೆದು, ಅದನ್ನು ಮುಂದಿನ ಪುಟದ ತಲೆಯ ಮೇಲೆ ಬರೆಯತಕ್ಕದ್ದು. ಹಿಂದಿನ ಪುಟದಲ್ಲಿ ಒಂದು ಅಕ್ಷರ ಬದಲಾದರೂ ಮುದ್ರೆ ಬದಲಾಗುತ್ತದೆ. ಆಗ ಮುಂದಿನ ಪುಟಗಳೆಲ್ಲವೂ ಸುಳ್ಳೆಂದು ಕೂಗತೊಡಗುತ್ತವೆ. ಎರಡನೆಯದಾಗಿ, ಪುಸ್ತಕದ ಪ್ರತಿಗಳು ಒಬ್ಬನಲ್ಲಲ್ಲ, ಸಾವಿರಾರು ಮಂದಿಯಲ್ಲಿ ಇರತಕ್ಕದ್ದು. ಒಬ್ಬನು ತಿದ್ದಿದರೆ ಉಳಿದವರ ಪ್ರತಿ ಅವನನ್ನು ಹಿಡಿದುಕೊಡುತ್ತದೆ. ಪುಟಕ್ಕೆ ಪುಟವನ್ನು ಕೊಂಡಿ ಹಾಕಿದ ಈ ಪುಸ್ತಕವೇ ಬ್ಲಾಕ್‌ಚೈನ್.

ಇದರ ಬೀಜವನ್ನು ಬಿತ್ತಿದವರು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟಾ ಎಂಬ ಇಬ್ಬರು ವಿದ್ವಾಂಸರು. ಗಣಕಯಂತ್ರದಲ್ಲಿನ ಕಾಗದಪತ್ರಕ್ಕೆ ಯಾರೂ ಹಿಂದುಮುಂದು ಮಾಡಲಾಗದ ತಾರೀಖನ್ನು ಒತ್ತುವುದು ಹೇಗೆಂಬುದನ್ನು ಅವರು 1991ರಲ್ಲಿ ತೋರಿಸಿದರು. ಅವರ ಸಂಸ್ಥೆಯು 1995ರಿಂದ ತನ್ನ ದಾಖಲೆಗಳ ಮುದ್ರೆಯನ್ನು ವಾರಕ್ಕೊಮ್ಮೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವರ್ಗೀಕೃತ ಜಾಹೀರಾತಿನ ಅಂಕಣದಲ್ಲಿ ಅಚ್ಚು ಹಾಕಿಸತೊಡಗಿತು. ಲಕ್ಷಗಟ್ಟಲೆ ಮನೆಗಳಿಗೆ ಹೋದ ಪತ್ರಿಕೆಯನ್ನು ಮರಳಿ ತಿದ್ದುವವರುಂಟೆ? ಹಿರೇಹಡಗಲಿಯ ತಾಮ್ರಪಟ ಗೋವಳರಿಗೂ ಸುದ್ದಿ ಮುಟ್ಟಿಸಿದುದರ ಯುಕ್ತಿಯೂ ಇದುವೇ. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಎಂಬ ನಾಣ್ಯದೊಡನೆ ಈ ಲೆಕ್ಕ ಹಣದ ವ್ಯವಹಾರಕ್ಕಿಳಿಯಿತು. 2015ರಲ್ಲಿ ಆರಂಭವಾದ ಎಥೀರಿಯಂ ಎಂಬ ಜಾಲದಲ್ಲಿ ಹಣದ ಲೆಕ್ಕವನ್ನಲ್ಲದೆ ಕರಾರುಗಳನ್ನೂ ಸಾಕ್ಷ್ಯಗಳನ್ನೂ ದಾಖಲಿಸುವುದು ಸಾಧ್ಯವಾಯಿತು.

ಒಂದು ರೂಪಾಯಿಯ ನೂರು ಕೈಗಳು

ಕೊಳಕ್ಕೆ ಮನೆಗೊಂದು ಚೊಂಬು ಹಾಲು ಸುರಿಯಬೇಕೆಂದು ಅರಸನು ಡಂಗುರ ಸಾರಿಸಿದ ಕಥೆ ಮಕ್ಕಳಿಗೂ ಗೊತ್ತು. ಎಲ್ಲರೂ ಹಾಲು ಸುರಿಯುವಾಗ ತನ್ನದೊಂದು ಚೊಂಬು ನೀರು ಯಾರಿಗೆ ತಿಳಿದೀತೆಂದು ಪ್ರತಿಯೊಬ್ಬನೂ ಎಣಿಸಿದುದರಿಂದ ಬೆಳಗಾಗುವಾಗ ಕೊಳದ ತುಂಬ ಬರಿಯ ನೀರೇ ಇದ್ದಿತು. ಎಲ್ಲರಿಗೂ ಸೇರಿದ ಸೊತ್ತಿಗೆ ಹಣ ಕೂಡಿಸುವ ಕಷ್ಟ ಈ ಕಥೆಯಲ್ಲಿಯೇ ಇದೆ. ಎಲ್ಲರೂ ಉಚಿತವಾಗಿ ಬಳಸುವ ಗಣಕಯಂತ್ರದ ಸೂತ್ರಗಳನ್ನು ಬರೆಯುವವರಿಗೂ ಇದೇ ಕಷ್ಟ ಎದುರಾಯಿತು. ಅವರು ಹುಡುಕಿದ ಉಪಾಯಗಳು ಎರಡು.

2018ರಲ್ಲಿ ವಿತಾಲಿಕ್ ಬುಟೆರಿನ್, ಝೋಯಿ ಹಿಟ್ಜಿಗ್ ಮತ್ತು ಗ್ಲೆನ್ ವೈಲ್ ಎಂಬ ಮೂವರು ಒಂದು ಸೂತ್ರವನ್ನು ಪ್ರಕಟಿಸಿದರು. ಸಾಮೂಹಿಕ ನಿಧಿಯಿಂದ ಒಂದು ಕೆಲಸಕ್ಕೆ ಎಷ್ಟು ಕೊಡಬೇಕೆಂಬುದನ್ನು ವಂತಿಗೆಯ ಮೊತ್ತಕ್ಕಿಂತ ಹೆಚ್ಚಾಗಿ ವಂತಿಗೆದಾರರ ಸಂಖ್ಯೆ ನಿರ್ಧರಿಸಬೇಕೆಂಬುದು ಅದರ ಸಾರ. ಪ್ರತಿಯೊಬ್ಬನ ವಂತಿಗೆಯ ವರ್ಗಮೂಲಗಳನ್ನು ಕೂಡಿ, ಆ ಮೊತ್ತದ ವರ್ಗವನ್ನು ತೆಗೆಯಬೇಕು. ಸಾಹುಕಾರನೊಬ್ಬನು 100 ರೂಪಾಯಿ ಕೊಟ್ಟರೆ ವರ್ಗಮೂಲ 10, ಅದರ ವರ್ಗ ಮರಳಿ 100. ನೂರು ಮಂದಿ ಒಂದೊಂದು ರೂಪಾಯಿ ಕೊಟ್ಟರೆ ವರ್ಗಮೂಲಗಳ ಮೊತ್ತ 100, ಅದರ ವರ್ಗ 10,000! ನಿಧಿಯಲ್ಲಿ ಅಷ್ಟು ಹಣವಿಲ್ಲದಿದ್ದರೆ ಇದೇ ಪ್ರಮಾಣದಲ್ಲಿ ಇಳಿಸಿ ಹಂಚುತ್ತಾರೆ. ಗಿಟ್‌ಕಾಯಿನ್ ಎಂಬ ಸಂಸ್ಥೆ 2019ರಿಂದ ಈ ಸೂತ್ರದಂತೆ ಹಣ ಹಂಚತೊಡಗಿತು.

ಎರಡನೆಯ ಉಪಾಯ ನಮ್ಮ ದಶಬಂದದ ದೂರದ ಬಂಧು. ಮುಂದೆ ಏನು ಪ್ರಯೋಜನವಾದೀತೆಂದು ಊಹಿಸುವುದಕ್ಕಿಂತ ಆಗಿಹೋದ ಪ್ರಯೋಜನವನ್ನು ಗುರುತಿಸುವುದು ಸುಲಭ. ಆದ್ದರಿಂದ ಕೆಲಸವಾದ ಮೇಲೆ ಬಹುಮಾನ ಕೊಡಿ ಎಂಬುದು ಅದರ ತತ್ತ್ವ. ಆಪ್ಟಿಮಿಸಂ ಎಂಬ ಜಾಲವು ಇದನ್ನು ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿತು. ಅದರ ಮೂರನೆಯ ಸುತ್ತಿನ ಫಲಿತಾಂಶ 2024ರ ಜನವರಿಯಲ್ಲಿ ಹೊರಬಿದ್ದಾಗ 501 ಕೆಲಸಗಳಿಗೆ ಆ ಜಾಲದ 3 ಕೋಟಿ ನಾಣ್ಯಗಳು ಹಂಚಿಕೆಯಾದುವು. ಈ ಬಗೆಯ ಹಂಚಿಕೆಗೆ ನೆರವಾಗಲೆಂದು, ‘ಇಂಥವರು ಇಂಥ ಕೆಲಸ ಮಾಡಿದುದನ್ನು ನಾನು ಬಲ್ಲೆ’ ಎಂಬ ದೃಢೀಕರಣಗಳನ್ನು ಸರಪಳಿಯ ಲೆಕ್ಕದಲ್ಲಿ ದಾಖಲಿಸುವ ಏರ್ಪಾಡುಗಳೂ ಹುಟ್ಟಿದುವು. ಬರೆದವರ ಸಹಿ, ಬರೆದ ಹೊತ್ತು, ಬರೆದ ಮಾತು ಮೂರೂ ಅಲ್ಲಿ ಉಳಿಯುತ್ತವೆ. ಬರೆದವರು ತಮ್ಮ ಮಾತನ್ನು ಹಿಂತೆಗೆದುಕೊಂಡರೂ, ಹಿಂತೆಗೆದುಕೊಂಡರೆಂಬ ಸಂಗತಿಯೂ ಉಳಿಯುತ್ತದೆ.

ಇಷ್ಟನ್ನು ಕೇಳಿದವರಿಗೆ ಎಲ್ಲ ತೊಡಕೂ ಬಗೆಹರಿಯಿತೆಂದು ತೋರಬಹುದು. ಆದರೆ ಈ ಉಪಾಯಗಳಿಗೆ ಅಡ್ಡದಾರಿಗಳು ಹುಟ್ಟಲು ತಡವಾಗಲಿಲ್ಲ. ನೂರು ಕೈಗಳಿಗೆ ಬೆಲೆ ಬಂದೊಡನೆ ಒಬ್ಬನೇ ನೂರು ಮುಖವಾಡಗಳನ್ನು ತೊಟ್ಟು ಬರುವುದು ಲಾಭದ ಕಸುಬಾಯಿತು. ಬೇನಾಮಿ ಪಹಣಿಯನ್ನೂ ಖೊಟ್ಟಿ ಮತವನ್ನೂ ಕಂಡ ನಾಡಿಗೆ ಇದು ಹೊಸದೇನಲ್ಲ. ‘ನೀನು ನನ್ನನ್ನು ಹೊಗಳು, ನಾನು ನಿನ್ನನ್ನು ಹೊಗಳುವೆ’ ಎಂಬ ಒಳ ಒಪ್ಪಂದಗಳ ಭಯವೂ ತಲೆದೋರಿತು. ನೂರಾರು ಕೆಲಸಗಳ ಪಟ್ಟಿಯನ್ನು ಮುಂದಿಟ್ಟಾಗ ಮತ ಹಾಕುವವರು ಒಂದೊಂದನ್ನೂ ಪರಿಶೀಲಿಸುವುದು ಅಸಾಧ್ಯವಾಗಿ, ಹೆಸರಾದವರಿಗೇ ಮತ ಬೀಳುವ ಅಪಾಯವಿದ್ದಿತು. ಆಪ್ಟಿಮಿಸಂ 2024ರ ತನ್ನ ನಾಲ್ಕನೆಯ ಸುತ್ತಿನಲ್ಲಿ ಕೆಲಸಗಳಿಗೆ ನೇರವಾಗಿ ಮತ ಹಾಕಿಸುವುದನ್ನು ಬಿಟ್ಟು, ಯಾವ ಅಳತೆಗೋಲಿಗೆ ಎಷ್ಟು ತೂಕವೆಂಬುದಕ್ಕೆ ಮತ ಹಾಕಿಸಿ ನೋಡಿತು. ಹೊಗಳಿಕೆಯ ಎಣಿಕೆಯೇ ಪ್ರಯೋಜನದ ಅಳತೆಯಲ್ಲವೆಂಬುದನ್ನು ಅದೂ ಅರಿತುಕೊಂಡಿತೆನ್ನಬೇಕು.

ಚಿತ್ರದ ಚಿತ್ರ

ಇದೆಲ್ಲಕ್ಕಿಂತ ಆಳವಾದ ಕೊರತೆ ಇನ್ನೊಂದಿದೆ. ಸರಪಳಿಯ ಲೆಕ್ಕಕ್ಕೆ ಕಣ್ಣಿಲ್ಲ. ಒಮ್ಮೆ ಬರೆದುದನ್ನು ಅದು ಅಳಿಸಗೊಡದು, ನಿಜ. ಆದರೆ ಬರೆದುದು ನಿಜವೋ ಸುಳ್ಳೋ ಎಂಬುದನ್ನು ಅದು ಅರಿಯದು. ಹೂಳೆತ್ತದ ಕೆರೆಗೆ ಹೂಳೆತ್ತಿತೆಂದು ಬರೆದರೆ ಆ ಸುಳ್ಳು ಕೂಡ ಆಚಂದ್ರಾರ್ಕವಾಗಿ ನಿಲ್ಲುತ್ತದೆ. ಶಿಲೆಯ ಮೇಲೆ ಕಂಡರಿಸಿದ ಮಾತ್ರಕ್ಕೆ ಸುಳ್ಳು ಸತ್ಯವಾಗುವುದುಂಟೆ?

ಯಂತ್ರದ ಸಾಕ್ಷ್ಯವನ್ನೇ ನೆಚ್ಚಿದರೆ ಏನಾಗುತ್ತದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. 2005ರ ಉದ್ಯೋಗ ಖಾತರಿ ಕಾಯ್ದೆಯ ಅಡಿಯಲ್ಲಿ ಕೆರೆಯ ಹೂಳೆತ್ತುವುದು, ಬದು ಹಾಕುವುದು, ಗೋಕಟ್ಟೆ ತೋಡುವುದು ಮೊದಲಾದ ಕೆಲಸಗಳು ಈ ಐದು ತಾಲೂಕುಗಳ ಬಡವರಿಗೂ ಆಸರೆಯಾದುವು. ಕೂಲಿಯ ಹಾಜರಿಯಲ್ಲಿ ಮೋಸವಾಗಬಾರದೆಂದು ಕೇಂದ್ರ ಸರ್ಕಾರ 2021ರ ಮೇ ತಿಂಗಳಿನಲ್ಲಿ ಮೊಬೈಲ್ ಹಾಜರಿಯ ವ್ಯವಸ್ಥೆಯನ್ನು ತಂದು, 2023ರ ಜನವರಿ 1ರಿಂದ ಅದನ್ನು ಎಲ್ಲೆಡೆ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ ಕೂಲಿಗಳ ಛಾಯಾಚಿತ್ರ ತೆಗೆದು, ಹೊತ್ತು ಮತ್ತು ಸ್ಥಳದ ಗುರುತಿನೊಡನೆ ಕಳುಹಿಸಬೇಕಾಗಿತ್ತು. ಪರಿಣಾಮವೇನಾಯಿತು? 2025ರ ಜುಲೈ ತಿಂಗಳಿನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಪತ್ರ ಬರೆದು, ಕೆಲಸಕ್ಕೆ ಸಂಬಂಧವಿಲ್ಲದ ಚಿತ್ರಗಳನ್ನು ಕಳುಹಿಸುತ್ತಿರುವುದನ್ನೂ, ಕೂಲಿಗಳ ಚಿತ್ರಕ್ಕೆ ಬದಲಾಗಿ ಹಳೆಯ ಚಿತ್ರದ ಚಿತ್ರವನ್ನು ತೆಗೆದು ಕಳುಹಿಸುತ್ತಿರುವುದನ್ನೂ ಎತ್ತಿ ತೋರಿಸಬೇಕಾಯಿತು. ಚಿತ್ರಗಳನ್ನು ಮತ್ತೆ ಮನುಷ್ಯರೇ ಕುಳಿತು ಪರೀಕ್ಷಿಸಬೇಕೆಂದು ಆಜ್ಞೆಯಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯನ್ನು ಯಂತ್ರವೂ ತಪ್ಪಿಸಲಾಗಲಿಲ್ಲ. ಆ ಕಾಯ್ದೆಯ ಸ್ಥಾನದಲ್ಲಿ 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ಕಾಯ್ದೆ ಬದಲಾದರೂ ಸಾಕ್ಷ್ಯದ ಪ್ರಶ್ನೆ ಬದಲಾಗಿಲ್ಲ.

ಗಟ್ಟಿಯಾಗಿ ಓದಿದ ಪಟ್ಟಿ

ಆ ಪ್ರಶ್ನೆಗೆ ದೇಶದಲ್ಲಿ ದೊರೆತ ದಿಟ್ಟ ಉತ್ತರವೊಂದು ಯಂತ್ರದಿಂದ ಬಂದುದಲ್ಲ. ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್‌ಕಿರಾನಾ ಎಂಬ ಊರಿನಲ್ಲಿ ಮೊದಲ ಜನಸುನವಾಯಿಯನ್ನು, ಎಂದರೆ ಜನರ ಎದುರಿನ ವಿಚಾರಣೆಯನ್ನು, ಏರ್ಪಡಿಸಿದರು. ಅವರ ಉಪಾಯ ತೀರ ಸರಳ. ಸರ್ಕಾರಿ ಕಾಮಗಾರಿಯ ಹಾಜರಿ ಪಟ್ಟಿಗಳನ್ನು ಹೊರತೆಗೆದು ಊರವರ ಮುಂದೆ ಗಟ್ಟಿಯಾಗಿ ಓದುವುದು, ಅಷ್ಟೆ. ಪಟ್ಟಿಯಲ್ಲಿ ಹೆಸರಿದ್ದವರು ತಾವು ಆ ಕೆಲಸಕ್ಕೆ ಹೋಗಿರಲಿಲ್ಲವೆಂದು ತಾವೇ ಎದ್ದು ನಿಂತು ಹೇಳಿದರು. ಕಾಗದದಲ್ಲಿ ಮುಗಿದ ಕಟ್ಟಡ ನೆಲದ ಮೇಲೆ ಇಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಕಾಗದ ಏನು ಹೇಳುತ್ತದೆಂಬುದು ಮಾತ್ರ ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಈ ಚಳವಳಿ ಬೆಳೆದು 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿ ಮಾಡಿಕೊಟ್ಟಿತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆಯ 17ನೆಯ ಕಲಮು ಗ್ರಾಮಸಭೆಯೇ ಸಾಮಾಜಿಕ ಲೆಕ್ಕಪರಿಶೋಧನೆ ನಡೆಸಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ಇದಕ್ಕಾಗಿ ಪ್ರತ್ಯೇಕ ನಿರ್ದೇಶನಾಲಯ ಏರ್ಪಟ್ಟಿತು.

ಗ್ರಾಮಸಭೆಯ ಬಲವೆಲ್ಲ ಅಡಗಿರುವುದು ಸಾಕ್ಷಿ ಹೇಳುವವರು ಸಂಗತಿಯನ್ನು ಬಲ್ಲವರೆಂಬುದರಲ್ಲಿ. ಅವರು ಸುಳ್ಳು ಹೇಳಿದರೆ ಪಕ್ಕದಲ್ಲಿ ಕುಳಿತವನಿಗೆ ತಿಳಿಯುತ್ತದೆ. ಅದರ ದೌರ್ಬಲ್ಯವೂ ಅಲ್ಲಿಯೇ ಇದೆ. ಪಕ್ಕದಲ್ಲಿ ಕುಳಿತವನು ಸಾಲ ಕೊಟ್ಟ ಧಣಿಯಾಗಿದ್ದರೆ, ಗುತ್ತಿಗೆದಾರನ ನೆಂಟನಾಗಿದ್ದರೆ, ಬಾಯಿ ಕಟ್ಟಿಹೋಗುತ್ತದೆ. ಸಭೆ ಮುಗಿದ ಮೇಲೆ ನಡವಳಿ ಪುಸ್ತಕದಲ್ಲಿ ಏನು ಬರೆದರೆಂಬುದು ಹೇಳಿದವನಿಗೆ ತಿಳಿಯದೆ ಹೋಗುವುದೂ ಸಾಧ್ಯ.

ಏರಿಯ ಮೇಲೆ ನಿಂತು ಎಣಿಸಿದರೆ

ಹಾಗಾದರೆ ಹೊಸ ವಿದ್ಯೆಯೂ ಹಳೆಯ ಸಭೆಯೂ ಕೈಗೂಡಿಸಿದರೆ ಹೇಗೆ? ಕೂಡ್ಲಿಗಿ ಸೀಮೆಯ ಒಂದು ಕೆರೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಅದರ ಹೂಳೆತ್ತಲಾಯಿತು, ತೂಬು ಸರಿಪಡಿಸಲಾಯಿತು, ನದಿಯ ನೀರೂ ಬಂದಿತು. ಇದರ ಪ್ರಯೋಜನವನ್ನು ಅಳೆಯುವ ಸಾಕ್ಷಿಗಳು ಯಾರು?

ಯಾರನ್ನು ಕೇಳಬೇಕೆಂಬುದು ಏನನ್ನು ಕೇಳುತ್ತೇವೆಂಬುದರ ಮೇಲೆ ನಿಂತಿದೆ. ತೂಬಿನ ನೀರು ಕೊನೆಯ ಹೊಲವನ್ನು ಎಷ್ಟನೆಯ ದಿನ ಮುಟ್ಟಿತೆಂಬುದನ್ನು ತೂಬಿನ ಬಾಯಿಯಲ್ಲಿರುವ ಹೊಲದವನು ಹೇಳಲಾರ. ಬಾಲದ ತುದಿಯ ಒಕ್ಕಲೇ ಹೇಳಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಎಷ್ಟು ದೂರ ನಡೆಯಬೇಕಾಯಿತೆಂಬುದನ್ನು ಬಲ್ಲವರು ಹೆಂಗಸರು. ಕೆರೆಯಂಗಳದಲ್ಲಿ ನೀರು ಎಷ್ಟು ವಾರ ನಿಂತಿತೆಂಬುದಕ್ಕೆ ಕುರಿಗಾಹಿಗಿಂತ ಮಿಗಿಲಾದ ಸಾಕ್ಷಿಯಿಲ್ಲ. ಬಾವಿಯ ನೀರು ಎಷ್ಟು ಅಡಿ ಮೇಲೇರಿತೆಂಬುದನ್ನು ಹಗ್ಗ ಇಳಿಬಿಟ್ಟು ಅಳೆಯಬಹುದು. ‘ಕೆರೆ ಒಳ್ಳೆಯದಾಯಿತು’ ಎಂಬ ನೂರು ಹೊಗಳಿಕೆಗಳಿಗಿಂತ ‘ಇಂಥ ತಿಂಗಳ ಇಂಥ ದಿನ ನನ್ನ ಹೊಲಕ್ಕೆ ನೀರು ಬಂದಿತು’ ಎಂಬ ಒಂದು ಮಾತು ತೂಕದ್ದು. ಮೊದಲಿನದು ಅಭಿಪ್ರಾಯ, ಎರಡನೆಯದು ಸಾಕ್ಷ್ಯ.

ಇಲ್ಲಿಯೂ ಎರಡು ಎಚ್ಚರಿಕೆಗಳು ಬೇಕು. ಒಳ್ಳೆಯ ಮಳೆಯ ವರ್ಷದಲ್ಲಿ ಎಲ್ಲ ಕೆರೆಗಳೂ ತುಂಬುತ್ತವೆ; ಆಗ ವರುಣನ ಪುಣ್ಯವನ್ನು ಗುತ್ತಿಗೆದಾರನ ಖಾತೆಗೆ ಬರೆಯುವುದು ನ್ಯಾಯವಲ್ಲ. ಆದುದರಿಂದ ಕೆಲಸವಾದ ಕೆರೆಯ ಪಕ್ಕದಲ್ಲಿ ಕೆಲಸವಾಗದ ಕೆರೆಯನ್ನೂ ಇಟ್ಟು ನೋಡಬೇಕು. ಎರಡನೆಯದಾಗಿ, ನಮ್ಮ ಕೆರೆಗಳೇ ಒಂದು ಸರಪಳಿ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಹರಿಯುತ್ತದೆ. ಮೇಲಿನ ಊರಿನವರು ಕೋಡಿಯನ್ನು ಎತ್ತರಿಸಿಕೊಂಡರೆ ಅವರೆಲ್ಲರೂ ಒಂದೇ ಬಾಯಿಯಿಂದ ಕೆಲಸವನ್ನು ಮೆಚ್ಚುವರು. ಕೆಳಗಿನ ಊರಿನ ಕೆರೆ ಬರಿದಾಗಿರುತ್ತದೆ. ಫಲ ಉಂಡವರನ್ನು ಕೇಳಿದರೆ ಸಾಲದು, ನಷ್ಟ ಉಂಡವರನ್ನೂ ಕೇಳಬೇಕು. ಅನುಮೋದನೆಗಳನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ ಆಕ್ಷೇಪಣೆಗೆ ಒಂದು ಅಂಕಣವಿಲ್ಲದಿದ್ದರೆ ಆ ಲೆಕ್ಕ ಅರ್ಧ ಸತ್ಯದ್ದಾಗುತ್ತದೆ.

ಇಷ್ಟು ಎಚ್ಚರಿಕೆಯಿಂದ ತೆಗೆದ ಸಾಕ್ಷ್ಯವನ್ನು ಬರೆದಿಡಲು ಸರಪಳಿಯ ಲೆಕ್ಕ ಉಪಯುಕ್ತವೆಂಬುದರಲ್ಲಿ ಸಂಶಯವಿಲ್ಲ. ಈ ಸೀಮೆಯ ಇತಿಹಾಸವೇ ಅದಕ್ಕೆ ಕಾರಣವನ್ನು ಒದಗಿಸುತ್ತದೆ. ಮದರಾಸಿಗೆ ಸೇರಿದ್ದ ಈ ತಾಲೂಕುಗಳು 1953ರಲ್ಲಿ ಮೈಸೂರಿಗೆ ಬಂದುವು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಬೇರೆ ತಾಲೂಕಾಯಿತು. ಕಚೇರಿ ಬದಲಾದಂತೆಲ್ಲ ಕಡತವೂ ಬಂಡಿ ಹತ್ತಬೇಕು. ಎಲ್ಲಿಂದ ಬೇಕಾದರೂ ತೆರೆದು ನೋಡಬಹುದಾದ, ಯಾರೊಬ್ಬರೂ ಹಾಳೆ ಕೀಳಲಾಗದ ಪುಸ್ತಕವೊಂದಿದ್ದರೆ ಅಲೆದಾಟ ತಪ್ಪೀತು. ಅದಕ್ಕೆ ಬೇಕಾದ ವಿದ್ಯೆಯೂ ದೂರದಲ್ಲಿಲ್ಲ. ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರವು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಆರಂಭವಾಯಿತು.

ಅಳಿಯದ ಅಕ್ಷರದ ಅಪಾಯ

ಆದರೆ ಅಳಿಸಲಾಗದಿರುವುದೇ ಕೆಲವೊಮ್ಮೆ ಅಪಾಯಕರವಾಗುತ್ತದೆಂಬುದನ್ನು ಮರೆಯಬಾರದು. ಅಚ್ಚುಕಟ್ಟಿನ ತುದಿಯಲ್ಲಿ ಒಂದೆಕರೆ ಹೊಲವಿಟ್ಟುಕೊಂಡ ಒಬ್ಬ ವಿಧವೆ ‘ನನಗೆ ನೀರು ಬರಲಿಲ್ಲ’ ಎಂದು ಹೇಳಿದಳೆನ್ನೋಣ. ಆ ಮಾತು ಗುತ್ತಿಗೆದಾರನ ಬಿಲ್ಲಿಗೆ ಅಡ್ಡ ಬರುತ್ತದೆ. ಅವಳ ಹೆಸರಿನೊಡನೆ ಆ ಮಾತು ಎಂದೆಂದಿಗೂ ಎಲ್ಲರಿಗೂ ಕಾಣುವಂತೆ ನಿಂತರೆ, ಅವಳು ಆ ಊರಿನಲ್ಲಿ ಬಾಳುವುದು ಹೇಗೆ? ದೂರದ ಊರಿನಲ್ಲಿ ಕುಳಿತು ಗಣಕಯಂತ್ರದ ಸೂತ್ರ ಬರೆದವನನ್ನು ಅನುಮೋದಿಸುವವನಿಗೆ ಈ ಭಯವಿಲ್ಲ. ಅವನು ಬಹುತೇಕ ಗುಪ್ತನಾಮದವನು. ಹಳ್ಳಿಯಲ್ಲಿ ಗುಪ್ತನಾಮವೆಂಬುದಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ತನ್ನ ವಿವರವನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ಪ್ರಜೆಗೆ ಕೊಡುತ್ತದೆ. ಅಳಿಸಲಾಗದ ಪುಸ್ತಕವು ಈ ಹಕ್ಕಿನೊಡನೆ ಹೇಗೆ ಹೊಂದಿ ಬಾಳಬೇಕು?

ಇದಕ್ಕೆ ವಿದ್ಯಾವಂತರು ಸೂಚಿಸುವ ಮಾರ್ಗವೊಂದಿದೆ. ಹೆಸರನ್ನೂ ಮಾತನ್ನೂ ಸರಪಳಿಯಲ್ಲಿ ಇಡದೆ, ಅವುಗಳ ಅಂಕಿಯ ಮುದ್ರೆಯನ್ನು ಮಾತ್ರ ಇಡುವುದು. ಮೂಲ ಕಾಗದವನ್ನು ನಂಬಿಕೆಯ ಸ್ಥಾನವೊಂದರಲ್ಲಿ ಕಾಪಾಡುವುದು. ವಿವಾದ ಬಂದಾಗ ಕಾಗದವನ್ನೂ ಮುದ್ರೆಯನ್ನೂ ಹೋಲಿಸಿ ನೋಡಿದರೆ ತಿದ್ದುಪಡಿಯಾಗಿದ್ದರೆ ಗೊತ್ತಾಗುತ್ತದೆ. ಒಳ್ಳೆಯ ಯುಕ್ತಿಯೇ ಸರಿ. ಆದರೆ ಆಗ ಪ್ರಶ್ನೆ ಮರಳಿ ಮನುಷ್ಯರಲ್ಲಿಗೇ ಬರುತ್ತದೆ. ಕಾಗದವನ್ನು ಕಾಪಾಡುವ ಆ ನಂಬಿಕೆಯ ಸ್ಥಾನ ಯಾವುದು? ವಿಧವೆಯ ಮಾತನ್ನು ಬರೆದುಕೊಂಡವರು ಅದನ್ನು ಅವಳಿಗೆ ಓದಿ ಹೇಳಿದರೆ? ಅವಳು ಒಪ್ಪಿದ ಮೇಲೆಯೇ ಮುದ್ರೆ ಒತ್ತಿದರೆ?

ದಶಬಂದದ ಕಾಲದಲ್ಲಿ ಎಲ್ಲವೂ ನ್ಯಾಯವಾಗಿತ್ತೆಂದು ಯಾರೂ ಹೇಳಲಾರರು. ಇನಾಮು ಉಂಡು ಕೆರೆಯನ್ನು ಹಾಳುಗೆಡವಿದವರು ಅಂದೂ ಇದ್ದಿರಬೇಕು. ಇಲ್ಲದಿದ್ದರೆ ಇನಾಮನ್ನು ಹಿಂದಕ್ಕೆ ಪಡೆಯುವ ಕಟ್ಟಳೆಯ ಅವಶ್ಯಕತೆಯೇ ಇರುತ್ತಿರಲಿಲ್ಲ. ಸಾಕ್ಷಿ ನುಡಿಯುವ ಅಧಿಕಾರವೂ ಅಂದು ಎಲ್ಲರಿಗಿರಲಿಲ್ಲ. ಗೌಡ ಶಾನುಭೋಗರ ಮಾತು ನಡೆಯುತ್ತಿತ್ತು, ಕುರಿಗಾಹಿಯ ಮಾತನ್ನೂ ಹೆಂಗಸರ ಮಾತನ್ನೂ ಕೇಳುವವರಿರಲಿಲ್ಲ. ಆ ಬಾಯಿಗಳನ್ನು ತೆರೆಯಿಸುವುದು ಹೊಸ ಕಾಲದ ಕರ್ತವ್ಯ. ಅದನ್ನು ಕಾಯ್ದೆ ಮಾಡಬೇಕು, ಗ್ರಾಮಸಭೆ ಮಾಡಬೇಕು, ಓದುಬರಹ ಮಾಡಬೇಕು. ಅವರು ಧೈರ್ಯವಾಗಿ ಆಡಿದ ಮಾತನ್ನು ಮುಂದೆ ಯಾರೂ ತಿರುಚದಂತೆ ಕಾಯುವ ಕೆಲಸವನ್ನು ಬೇಕಾದರೆ ಸರಪಳಿಯ ಲೆಕ್ಕಕ್ಕೆ ಒಪ್ಪಿಸಬಹುದು.

ಕೆರೆಗೆ ಹಣ ಸುರಿಯುವವರು ಇಂದು ಹಲವರಿದ್ದಾರೆ: ಸರ್ಕಾರವಿದೆ, ದೊಡ್ಡ ಉದ್ಯಮಗಳಿವೆ, ಹೊರನಾಡಿನಲ್ಲಿ ನೆಲೆಸಿ ಹುಟ್ಟೂರನ್ನು ನೆನೆಯುವವರಿದ್ದಾರೆ. ತಮ್ಮ ಹಣದ ಫಲವೇನೆಂದು ಕೇಳುವ ಹಕ್ಕು ಅವರಿಗೆ ಉಂಟು. ಉತ್ತರ ಬೇಕಾದವರು ಗಣಕಯಂತ್ರದ ಪರದೆಯನ್ನು ತೆರೆಯುವ ಮುನ್ನ ಏರಿಯನ್ನು ಇಳಿದು, ಕಾಲುವೆಯ ಗುಂಟ ನಡೆದು, ಕಟ್ಟಕಡೆಯ ಹೊಲದ ಬದುವಿನ ಮೇಲೆ ನಿಲ್ಲಬೇಕು. ಅಲ್ಲಿ ಮಣ್ಣು ಹಸಿಯಾಗಿದ್ದರೆ ಬರೆದುಕೊಳ್ಳಲಿ. ಒಣಗಿದ್ದರೆ ಅದನ್ನೂ ಬರೆದುಕೊಳ್ಳಲಿ.